ರಿಪೋರ್ಟಿನಲ್ಲಿ ಕಾಣದ ನೋವು

ರಕ್ತ ಪರೀಕ್ಷೆ, ಸ್ಕ್ಯಾನ್, ಇಸಿಜಿ ಎಲ್ಲ ಮುಗಿಸಿ ವೈದ್ಯರು ‘ನಿಮಗೇನೂ ಆಗಿಲ್ಲ’ ಎಂದರೆ ರೋಗಿಗೆ ನೆಮ್ಮದಿಯಾಗಬೇಕು. ಎಷ್ಟೋ ಸಲ ಆಗುವುದಿಲ್ಲ. ಹೊಟ್ಟೆಯ ಸಂಕಟವೋ ಬೆನ್ನುನೋವೋ ಹಾಗೇ ಇರುತ್ತದೆ. ತನ್ನ ಮಾತನ್ನು ಯಾರೂ ನಂಬಲಿಲ್ಲವೆಂಬ ಕೊರಗೂ ಅದಕ್ಕೆ ಸೇರಿಕೊಳ್ಳುತ್ತದೆ. ಈ ಕೊರಗು ತನ್ನ ಹೊಣೆ ಎಂದು ಒಂದು ದೇಶದ ಆರೋಗ್ಯ ವ್ಯವಸ್ಥೆ ಒಪ್ಪಿಕೊಳ್ಳುವುದು ಹೇಗೆ?

ಜರ್ಮನಿ ಒಪ್ಪಿಕೊಂಡಿತು. 1946ರಲ್ಲಿ, ಬಾಂಬಿಗೆ ಕುಸಿದ ಬರ್ಲಿನ್ನಿನಲ್ಲಿ, ಮನಸ್ಸಿನಿಂದ ಹುಟ್ಟುವ ಕಾಯಿಲೆಗಳಿಗೆಂದು ವಿಮಾ ಸಂಸ್ಥೆಯೇ ಒಂದು ಚಿಕಿತ್ಸಾ ಕೇಂದ್ರ ತೆರೆಯಿತು. ನ್ಯೂರೆಂಬರ್ಗ್‌ನಲ್ಲಿ ನಾಜಿ ವೈದ್ಯರ ವಿಚಾರಣೆಯನ್ನು ಕಣ್ಣಾರೆ ಕಂಡು ಬರೆದ ವೈದ್ಯ ಅಲೆಕ್ಸಾಂಡರ್ ಮಿಚರ್ಲಿಖ್ 1950ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಮನೋದೈಹಿಕ ಚಿಕಿತ್ಸಾಲಯ ಕಟ್ಟಿದರು. ಮನುಷ್ಯನನ್ನು ಬರೀ ದೇಹವೆಂದು ಕಂಡ ವೈದ್ಯಕೀಯ ಎಲ್ಲಿಗೆ ಹೋಗಿ ಮುಟ್ಟಿತೆಂದು ಅರಿತವರು ಅವರು. ಆ ವಿಚಾರಣೆಯನ್ನೂ ಈ ಚಿಕಿತ್ಸಾಲಯವನ್ನೂ ನಾನು ಬೇರೆ ಮಾಡಿ ನೋಡಲಾರೆ.

ವಿಮೆಯ ಮನಸ್ಸು ಒಲಿದದ್ದು ಮಾತ್ರ ಲೆಕ್ಕಕ್ಕೆ. ಮನೋಚಿಕಿತ್ಸೆ ಪಡೆದವರು ಮುಂದಿನ ವರ್ಷಗಳಲ್ಲಿ ಆಸ್ಪತ್ರೆಯಲ್ಲಿ ಕಳೆಯುವ ದಿನಗಳು ಕಡಿಮೆಯಾಗುತ್ತವೆಂದು ಬರ್ಲಿನ್ನಿನ ವೈದ್ಯೆ ಅನ್ನೆಮರೀ ಡ್ಯೂರ್ಸೆನ್ 1960ರ ದಶಕದಲ್ಲಿ ತೋರಿಸಿದರು. 1967ರಲ್ಲಿ ಮನೋಚಿಕಿತ್ಸೆ ಸಾರ್ವಜನಿಕ ವಿಮೆಯೊಳಗೆ ಬಂತು. 1970ರಲ್ಲಿ ಮನೋದೈಹಿಕ ಚಿಕಿತ್ಸೆ ವೈದ್ಯಕೀಯ ಕಲಿಕೆಯ ಕಡ್ಡಾಯ ವಿಷಯವಾಯಿತು, 1992ರಲ್ಲಿ ಪ್ರತ್ಯೇಕ ತಜ್ಞ ವಿಭಾಗ. ನನಗೆ ಇವೆಲ್ಲಕ್ಕಿಂತ ದೊಡ್ಡದು 1987. ಆಗ ಸಾಮಾನ್ಯ ವೈದ್ಯರಿಗೂ ರೋಗಿಯೊಡನೆ ನೋವಿನ ಹಿಂದಿನ ಮನಸ್ಸಿನ ಬಗ್ಗೆ ಮಾತುಕತೆ ನಡೆಸಿ ವಿಮೆಯಿಂದ ಶುಲ್ಕ ಪಡೆಯುವ ದಾರಿಯಾಯಿತು. ಈಗಿನ ನಿಯಮದಂತೆ ಮಾತುಕತೆ ಕನಿಷ್ಠ 15 ನಿಮಿಷ ನಡೆಯಬೇಕು.

ಆ ವೈದ್ಯರ ತರಬೇತಿಯಲ್ಲಿ ‘ಬಾಲಿಂಟ್ ಗುಂಪು’ ಒಂದು ಭಾಗ. ಲಂಡನ್ನಿನಲ್ಲಿ ಮನೋವಿಶ್ಲೇಷಕ ಮೈಕೆಲ್ ಬಾಲಿಂಟ್ 1950ರ ದಶಕದಲ್ಲಿ ರೂಪಿಸಿದ ಕ್ರಮ. ವೈದ್ಯರು ವೃತ್ತಾಕಾರವಾಗಿ ಕೂರುತ್ತಾರೆ. ಒಬ್ಬರು ಫೈಲ್ ಮುಟ್ಟದೆ, ತಮ್ಮನ್ನು ಕಾಡುತ್ತಿರುವ ಒಬ್ಬ ರೋಗಿಯ ಕತೆ ಹೇಳುತ್ತಾರೆ. ಬಳಿಕ ಕುರ್ಚಿ ಹಿಂದೆ ಸರಿಸಿ ಸುಮ್ಮನಾಗುತ್ತಾರೆ, ಉಳಿದವರು ಮಾತಾಡುತ್ತಾರೆ. ಆ ರೋಗಿ ಬಾಗಿಲಲ್ಲಿ ಕಂಡೊಡನೆ ವೈದ್ಯರಿಗೆ ಸಿಟ್ಟೇಕೆ, ಆಯಾಸವೇಕೆ? ಅದೂ ರೋಗದ ಒಂದು ಕುರುಹಿರಬಹುದು.

ಕೇಳಿಸಿಕೊಳ್ಳುವುದಕ್ಕೆ ದರ ಕಟ್ಟಿದರೆ ಅದು ಸಣ್ಣದಾಗುತ್ತದೆಯೇ? ನನಗೆ ಹಾಗನಿಸದು. ಹೊರಗೆ ಸಾಲು ಬೆಳೆಯುತ್ತಿರುವಾಗ ದರವಿಲ್ಲದ ಕೆಲಸಕ್ಕೆ ಯಾವ ವೈದ್ಯರಿಗೆ ಬಿಡುವಿದ್ದೀತು? ನನ್ನನ್ನು ಕಾಡುವುದು ಬೇರೆ. ಆಸ್ಪತ್ರೆಯಲ್ಲಿ ಕಳೆಯುವ ಒಂದು ದಿನವೂ ಕಡಿಮೆಯಾಗದೆ ಬರೀ ನೋವಷ್ಟೇ ಇಳಿದಿದ್ದರೆ, ವಿಮೆ ಬಾಗಿಲು ತೆರೆಯುತ್ತಿತ್ತೇ? ಆಗಲೂ ತೆರೆಯಬೇಕಿತ್ತು ಎಂದೇ ನನ್ನ ನಂಬಿಕೆ.