ದಾನವೂ ದೂಷಣೆಯೂ

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ಮಾರ್ಗದಲ್ಲಿ, ಕುಡತಿನಿಯ ಸಮೀಪದಲ್ಲಿ, ಪುರಾತನವಾದ ಒಂದು ಬೂದಿಯ ದಿಬ್ಬವುಂಟು. ಈ ಸೀಮೆಯಲ್ಲಿ ಇಂತಹ ದಿಬ್ಬಗಳು ಇನ್ನೂ ಹಲವಿವೆ. ರಾಕ್ಷಸರನ್ನು ಕೊಂದು ಸುಟ್ಟ ಬೂದಿಯೇ ಇದೆಂದು ಹಿಂದಿನವರು ನಂಬಿದ್ದರು. ಭೂಗರ್ಭಶಾಸ್ತ್ರಜ್ಞರಾದ ರಾಬರ್ಟ್ ಬ್ರೂಸ್ ಫೂಟರು ಪರೀಕ್ಷಿಸಿ, ಇದು ಸಗಣಿಯ ಬೂದಿಯೆಂದು ಅಭಿಪ್ರಾಯಪಟ್ಟರು. ನವಶಿಲಾಯುಗದ ಗೋಪಾಲಕರ ದನದ ದೊಡ್ಡಿಗಳಲ್ಲಿ ರಾಶಿಬಿದ್ದ ಸಗಣಿ ಸುಟ್ಟು ಈ ದಿಬ್ಬಗಳಾದುವೆಂಬುದನ್ನು 1963ರಲ್ಲಿ ಪ್ರಕಟವಾದ ಆಲ್ಚಿನ್ನರ ಗ್ರಂಥವು ಸಪ್ರಮಾಣವಾಗಿ ನಿರೂಪಿಸಿತು. ರಾಕ್ಷಸನೆಂಬ ಹೆಸರು ಬಿದ್ದಲ್ಲಿ ಬೂದಿಯನ್ನು ಮುಟ್ಟಿ ನೋಡುವ ಕುತೂಹಲವೇ ಅಡಗುತ್ತದೆ. ರಾಜಕೀಯ ವಾದಗಳಲ್ಲಿಯೂ ಹೀಗೆಯೇ ಆಗುವುದುಂಟು. ಎದುರಾಳಿಗೆ ಒಂದು ಘೋರವಾದ ಹೆಸರನ್ನಿಟ್ಟರೆ ಅವನ ಮಾತನ್ನು ಪರೀಕ್ಷಿಸುವ ಶ್ರಮ ತಪ್ಪುತ್ತದೆ.

ಒಂದು ರಾಜ್ಯವು ತನ್ನ ಪ್ರಜೆಗಳ ತೆರಿಗೆಯ ಹಣವನ್ನು ಮತ್ತೊಂದು ರಾಜ್ಯಕ್ಕೆ ಸಹಾಯವಾಗಿ ಕೊಡುವಾಗ ಮೂರು ಪ್ರಶ್ನೆಗಳು ಏಳುತ್ತವೆ. ಕೊಡುವ ಅಧಿಕಾರ ಯಾರದು? ಕೊಡುವುದು ಉಚಿತವೇ? ಕೊಡಬೇಡವೆನ್ನುವವನ ಮನಸ್ಸಿನಲ್ಲಿರುವುದು ನ್ಯಾಯಬುದ್ಧಿಯೋ, ಪಡೆಯುವ ಜನಾಂಗದ ಮೇಲಣ ದ್ವೇಷವೋ? ಮೂರೂ ಯೋಗ್ಯವಾದ ಪ್ರಶ್ನೆಗಳೇ. ಆದರೆ ಮೂರನೆಯದರ ಉತ್ತರವನ್ನು ಮೊದಲಿನ ಎರಡಕ್ಕೂ ಉತ್ತರವೆಂದು ಕೊಡಬಹುದೇ ಎಂಬುದೇ ಇಲ್ಲಿ ವಿಚಾರಣೀಯವಾದ ವಿಷಯ.

ದೂಷಣೆಯೆಂಬುದು ಎಷ್ಟು ಬಲವುಳ್ಳದ್ದೆಂಬುದಕ್ಕೆ ಬಳ್ಳಾರಿ ಸೀಮೆಯೇ ಸಾಕ್ಷಿ. 1876ರಲ್ಲಿ ಮಳೆ ಹೋಗಿ ಮದರಾಸು ಆಧಿಪತ್ಯದಲ್ಲಿ ಮಹಾಕ್ಷಾಮವುಂಟಾದಾಗ ಅತ್ಯಂತ ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಆಗ ವೈಸರಾಯ್ ಲಿಟ್ಟನ್ ಪ್ರಭುವಿನ ಆಜ್ಞೆಯಂತೆ ಕ್ಷಾಮಪರಿಹಾರದ ವೆಚ್ಚವನ್ನು ಹದ್ದಿನಲ್ಲಿಡಲು ಬಂದವನು ಸರ್ ರಿಚರ್ಡ್ ಟೆಂಪಲ್. ಇವನೇ 1874ರ ಬಿಹಾರದ ಕ್ಷಾಮದಲ್ಲಿ ಧಾರಾಳವಾಗಿ ಧಾನ್ಯವನ್ನು ತರಿಸಿ ಅಸಂಖ್ಯಾತ ಪ್ರಾಣಗಳನ್ನು ಉಳಿಸಿದ್ದನು. ಅದಕ್ಕೆ ಅವನಿಗೆ ದೊರೆತದ್ದು ದುಂದುಗಾರನೆಂಬ ಬಿರುದು. ಆ ಅಪವಾದವನ್ನು ಹೊತ್ತು ದಕ್ಷಿಣಕ್ಕೆ ಬಂದವನು ಕೂಲಿಯಾಳಿನ ದಿನದ ಧಾನ್ಯವನ್ನು ಒಂದು ಪೌಂಡಿಗೆ ಇಳಿಸಿದನು. ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷನು ಇದು ದುಡಿಯುವ ದೇಹಕ್ಕೆ ಸಾಲದೆಂದು ಪ್ರತಿಭಟಿಸಿದನು. ಆದರೂ ಕೆಲವು ತಿಂಗಳ ಕಾಲ ಆ ಅಳತೆಯೇ ನಡೆಯಿತು. ಹಿಂದೆ ಮಾಡಿದ ಒಳ್ಳೆಯ ಕೆಲಸಕ್ಕೆ ಬಂದ ನಿಂದೆಗೆ ಅಂಜಿದವನ ಮುಂದಿನ ತಪ್ಪಿಗೆ ಬೆಲೆ ತೆತ್ತವರು ಆ ನಿಂದೆಯ ಹೆಸರನ್ನೂ ಕೇಳದ ಬಡವರು.

ಅದೇ ಕ್ಷಾಮದಲ್ಲಿ ಅಧಿಕಾರದ ಪ್ರಶ್ನೆಯೂ ಎದ್ದಿತು. 1877ನೆಯ ಆಗಸ್ಟ್ 4ರಂದು ಮದರಾಸಿನಲ್ಲಿ ಗವರ್ನರನಾದ ಬಕಿಂಗ್‌ಹ್ಯಾಮ್ ಡ್ಯೂಕನ ಅಧ್ಯಕ್ಷತೆಯಲ್ಲಿ ಸಭೆ ಸೇರಿ, ಲಂಡನ್ ನಗರದ ಲಾರ್ಡ್ ಮೇಯರನಿಗೆ ಸಹಾಯವನ್ನು ಯಾಚಿಸಿ ಬರೆಯಲಾಯಿತು. ತನ್ನನ್ನು ಮೀರಿ ಹೊರನಾಡಿನಲ್ಲಿ ಕೈಯೊಡ್ಡಿದರೆಂದು ಲಿಟ್ಟನ್ ಪ್ರಭುವಿಗೆ ಅಸಮಾಧಾನವಾಯಿತು. ಆದರೂ ಇಂಗ್ಲೆಂಡಿನ ಜನರು ಐದು ಲಕ್ಷ ಪೌಂಡಿಗೂ ಮೀರಿ ಕೊಟ್ಟರು. ಯಾಚಿಸುವ ಅಧಿಕಾರ ಯಾರದೆಂಬ ಪ್ರಶ್ನೆ ಸುಳ್ಳು ಪ್ರಶ್ನೆಯಲ್ಲ. ಆಡಳಿತಕ್ಕೆ ಕ್ರಮ ಬೇಕು. ಆದರೆ ಅದು ಹಸಿದವನ ಪ್ರಶ್ನೆಗೆ ಉತ್ತರವಲ್ಲ. ಒಂದು ಪ್ರಶ್ನೆಯ ಉತ್ತರವನ್ನು ಮತ್ತೊಂದರ ಮೇಲೆ ಹೊದಿಸಿದಾಗ ಎರಡೂ ಕಾಣದಾಗುತ್ತವೆ.

ಇದೇ ತೊಡಕು ಈ ಕಾಲದಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಬಹು ದೊಡ್ಡದಾಗಿ ಕಾಣಿಸಿಕೊಂಡಿದೆ. ಆ ದೇಶದ ರಾಜ್ಯಾಂಗದಂತೆ, ಶಾಸನಸಭೆಯಾದ ಕಾಂಗ್ರೆಸ್ಸಿನ ವಿಧಿಯಿಲ್ಲದೆ ಬೊಕ್ಕಸದಿಂದ ಹಣವು ಹೊರಡಕೂಡದು. ಕಾಂಗ್ರೆಸ್ಸು ವಿಧಿಸಿದ ಹಣವನ್ನು ಅಧ್ಯಕ್ಷನು ತನ್ನ ಇಚ್ಛೆಯಂತೆ ತಡೆಹಿಡಿಯಕೂಡದೆಂದು 1974ರ ಕಾನೂನು ಹೇಳುತ್ತದೆ. 2019ರಲ್ಲಿ ಯುಕ್ರೇನಿಗೆ ಸಲ್ಲಬೇಕಾದ ಸಹಾಯಧನವನ್ನು ಅಧ್ಯಕ್ಷ ಟ್ರಂಪರ ಆಡಳಿತವು ತಡೆದುದು ಆ ಕಾನೂನಿಗೆ ವಿರುದ್ಧವೆಂದು ಅಲ್ಲಿಯ ಲೆಕ್ಕಪರಿಶೋಧನ ಕಚೇರಿಯು 2020ರ ಜನವರಿಯಲ್ಲಿ ನಿರ್ಣಯಿಸಿತು. ಇಸ್ರೇಲಿಗೆ ಹತ್ತು ವರ್ಷಗಳಲ್ಲಿ 3,800 ಕೋಟಿ ಡಾಲರುಗಳ ಸೈನಿಕ ಸಹಾಯವನ್ನು ಕೊಡುವುದೆಂದು 2016ರಲ್ಲಿ ಒಪ್ಪಂದವಾಗಿತ್ತು. 2023ನೆಯ ಅಕ್ಟೋಬರ್ 7ರಂದು ಹಮಾಸ್ ಪಂಗಡದವರು ಇಸ್ರೇಲಿನಲ್ಲಿ ಸುಮಾರು 1,200 ಜನರನ್ನು ಕೊಂದರು. ಆಮೇಲೆ ಗಾಜಾದಲ್ಲಿ ನಡೆದ ಯುದ್ಧದಲ್ಲಿ ಸತ್ತವರ ಸಂಖ್ಯೆ ಹತ್ತಾರು ಸಾವಿರವನ್ನು ಮುಟ್ಟಿತು. 2024ರ ಮೇ ತಿಂಗಳಿನಲ್ಲಿ ಅಧ್ಯಕ್ಷ ಬೈಡನ್ನರು ಭಾರವಾದ ಬಾಂಬುಗಳ ಒಂದು ರವಾನೆಯನ್ನು ತಡೆದರು. ಅದು ಹೋಗಲೇಬೇಕೆಂದು ಪ್ರತಿನಿಧಿಸಭೆಯು ಮಸೂದೆಯೊಂದನ್ನು ಅಂಗೀಕರಿಸಿತು. ಆ ಮಸೂದೆಯು ಕಾನೂನಾಗಲಿಲ್ಲವಾದರೂ ಅಧಿಕಾರದ ಪ್ರಶ್ನೆ ಹಾಗೆಯೇ ಉಳಿಯಿತು. ಆ ಆಯುಧಗಳಿಂದ ಆಗುವ ಕಾರ್ಯವು ಧರ್ಮವೇ ಎಂಬ ಔಚಿತ್ಯದ ಪ್ರಶ್ನೆಯೂ ಉಳಿಯಿತು. ಆದರೆ ಕೇಳಿದವರಲ್ಲಿ ಅನೇಕರಿಗೆ ಯೆಹೂದ್ಯದ್ವೇಷಿಗಳೆಂಬ ಆರೋಪವೇ ಉತ್ತರವಾಗಿ ಬಂದಿತು.

ಮಹಾಭಾರತದ ವನಪರ್ವದಲ್ಲಿ ಈ ಸನ್ನಿವೇಶದ ಮೂಲರೂಪವನ್ನು ಕಾಣಬಹುದು. ಪಾಂಡವರ ಭಾಗವನ್ನು ಪಾಂಡವರಿಗೆ ಕೊಡೆಂದು ವಿದುರನು ಹೇಳಿದಾಗ ಧೃತರಾಷ್ಟ್ರನು ಆ ಮಾತಿನ ಸತ್ಯಾಸತ್ಯವನ್ನು ವಿಚಾರಿಸಲಿಲ್ಲ. ನೀನು ಪಾಂಡವರ ಪಕ್ಷಪಾತಿ, ನಮ್ಮ ಹಿತವು ನಿನಗೆ ಬೇಕಿಲ್ಲ, ಇಷ್ಟವಿದ್ದಲ್ಲಿಗೆ ಹೋಗು ಎಂದು ಬಿಟ್ಟನು. ವಿದುರನು ಕಾಮ್ಯಕವನಕ್ಕೆ ಹೋದನು. ಸ್ವಲ್ಪ ಕಾಲದಲ್ಲಿಯೇ ರಾಜನು ಪರಿತಪಿಸಿ ಸಂಜಯನನ್ನು ಕಳುಹಿಸಿ ತಮ್ಮನನ್ನು ಹಿಂದಕ್ಕೆ ಕರೆಯಿಸಿಕೊಂಡನು. ಆದರೆ ಅವನ ಹಿತವಚನವನ್ನು ಮಾತ್ರ ಹಿಂದಕ್ಕೆ ಕರೆಯಿಸಿಕೊಳ್ಳಲಿಲ್ಲ. ವಿದುರನಿಗೆ ಪಾಂಡವರಲ್ಲಿ ಪ್ರೀತಿ ಇದ್ದುದು ನಿಜ. ಆ ಪ್ರೀತಿಯಿಂದ ಅವನ ಮಾತು ಸುಳ್ಳಾಗಲಿಲ್ಲ. ನೈಯಾಯಿಕರು ಕಥೆಯನ್ನು ವಾದ, ಜಲ್ಪ, ವಿತಂಡವೆಂದು ಮೂರಾಗಿ ವಿಂಗಡಿಸಿದ್ದಾರೆ. ತತ್ತ್ವವನ್ನು ತಿಳಿಯಲೆಂದು ನಡೆಯುವುದು ವಾದ, ಗೆಲ್ಲಬೇಕೆಂದೇ ನಡೆಯುವುದು ಜಲ್ಪ, ತನ್ನ ಪಕ್ಷವನ್ನು ಸ್ಥಾಪಿಸದೆ ಪರಪಕ್ಷವನ್ನು ಕೆಡಿಸುವುದು ವಿತಂಡ. ಹೇತುವನ್ನು ಬಿಟ್ಟು ಹೇಳಿದವನನ್ನು ಹಿಡಿದಾಗಲೇ ವಾದವು ಮುಗಿದು ಮಿಕ್ಕ ಎರಡು ತೊಡಗುತ್ತವೆ.

ಇಷ್ಟು ಹೇಳಿದ ಮಾತ್ರಕ್ಕೆ ಆ ಆರೋಪವೆಲ್ಲ ಬರಿಯ ತಂತ್ರವೆಂದು ತೀರ್ಮಾನಿಸುವುದು ಮತ್ತೊಂದು ಅನ್ಯಾಯವಾದೀತು. ಈ ನಾಡಿನವರು ಇದನ್ನು ವಿಶೇಷವಾಗಿ ನೆನೆಯಬೇಕು; ಯೆಹೂದ್ಯದ್ವೇಷವೆಂಬುದು ಇಲ್ಲಿಯ ಅನುಭವಕ್ಕೆ ಬಂದುದಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವರ್ತಕನು ಮಂಗಳೂರಿನಲ್ಲಿ ಬಹುಕಾಲ ನೆಲೆಸಿದ್ದನು. ಅಶು ಎಂಬ ಇಲ್ಲಿಯ ಹೆಣ್ಣು ಅವನ ಮಕ್ಕಳ ತಾಯಿ. ಬೊಮ್ಮನೆಂಬವನು ದೂರದ ಏಡನ್ ಬಂದರಿನವರೆಗೂ ಹೋಗಿ ಅವನ ವ್ಯಾಪಾರವನ್ನು ನೋಡುತ್ತಿದ್ದನು. ಕೈರೋ ನಗರದ ಪ್ರಾರ್ಥನಾಮಂದಿರವೊಂದರಲ್ಲಿ ದೊರೆತ ಹಳೆಯ ಪತ್ರಗಳಿಂದ ಇದು ತಿಳಿದುಬಂದಿದೆ. ಕೊಚ್ಚಿಯಲ್ಲಿ 1568ರಲ್ಲಿ ಕಟ್ಟಿದ ಯೆಹೂದ್ಯರ ಮಂದಿರವು ಈಗಲೂ ನಿಂತಿದೆ. ಸುಡದ ಕೈಗೆ ಬೆಂಕಿಯ ಬಿಸಿ ತಿಳಿಯದು. ಯೂರೋಪಿನಲ್ಲಿ ನಾಜಿಗಳು ಅರುವತ್ತು ಲಕ್ಷ ಯೆಹೂದ್ಯರನ್ನು ಕೊಂದರು. 2018ರಲ್ಲಿ ಅಮೆರಿಕಾದ ಪಿಟ್ಸ್‌ಬರ್ಗ್ ನಗರದ ಪ್ರಾರ್ಥನಾಮಂದಿರದಲ್ಲಿ ಹನ್ನೊಂದು ಜನರನ್ನು ಕೊಂದ ಪಾತಕಿಯ ರೋಷಕ್ಕೆ ಒಂದು ನೆಪ, ಯೆಹೂದ್ಯರ ಸಂಸ್ಥೆಯೊಂದು ನಿರಾಶ್ರಿತರಿಗೆ ನೆರವಾಗುತ್ತಿದ್ದುದು. ಪರೋಪಕಾರವನ್ನೂ ಒಳಸಂಚೆಂದು ಕಾಣುವ ಕಣ್ಣು ಆ ದ್ವೇಷದ್ದು. ಇಂತಹ ನೆನಪುಳ್ಳ ಜನಾಂಗವು ಬೇಗನೆ ಬೆದರಿದರೆ ಅದನ್ನು ಹಾಸ್ಯಮಾಡುವುದು ಸಲ್ಲದು.

ಹಾಗಾದರೆ ವಿವೇಚನೆಗೆ ಗುರುತೇನು? ದೂಷಿಸುವವನು ರಾಜ್ಯದ ಕಾರ್ಯವನ್ನು ದೂಷಿಸುತ್ತಾನೋ, ಜನರ ಹುಟ್ಟನ್ನು ದೂಷಿಸುತ್ತಾನೋ ಎಂಬುದು ಮೊದಲನೆಯ ಗುರುತು. ಅದೇ ಕಾರ್ಯವನ್ನು ಬೇರೊಂದು ದೇಶವು ಮಾಡಿದ್ದರೆ ಅದೇ ತಕ್ಕಡಿಯಿಂದ ತೂಗುತ್ತಿದ್ದನೋ ಇಲ್ಲವೋ ಎಂಬುದು ಎರಡನೆಯದು. ಯೆಹೂದ್ಯದ್ವೇಷಕ್ಕೆ ಅಂತರರಾಷ್ಟ್ರೀಯ ಸಂಸ್ಥೆಯೊಂದು 2016ರಲ್ಲಿ ಅಂಗೀಕರಿಸಿದ ಲಕ್ಷಣವಾಕ್ಯವೂ, ಬೇರೆ ದೇಶಗಳನ್ನು ವಿಮರ್ಶಿಸುವಂತೆಯೇ ಇಸ್ರೇಲನ್ನು ವಿಮರ್ಶಿಸಿದರೆ ಅದು ದ್ವೇಷವಲ್ಲವೆಂದು ಒಪ್ಪಿದೆ. 2023ರ ಡಿಸೆಂಬರಿನಲ್ಲಿ ಪ್ರತಿನಿಧಿಸಭೆಯು ಯೆಹೂದ್ಯ ರಾಷ್ಟ್ರವಾದದ ವಿರೋಧವೇ ಯೆಹೂದ್ಯದ್ವೇಷವೆಂಬ ನಿರ್ಣಯವನ್ನು 311 ಮತಗಳಿಂದ ಅಂಗೀಕರಿಸಿತು. 14 ಜನರು ವಿರೋಧಿಸಿದರು. 92 ಜನರು ಯಾವ ಪಕ್ಷಕ್ಕೂ ಸೇರದೆ ಹಾಜರಿಯನ್ನು ಮಾತ್ರ ಹೇಳಿದರು. ಹಾಗೆ ತಟಸ್ಥರಾದವರಲ್ಲಿ ಸ್ವತಃ ಯೆಹೂದ್ಯರಾದ ಜೆರಾಲ್ಡ್ ನ್ಯಾಡ್ಲರೂ ಒಬ್ಬರು. ಅವರನ್ನು ಯೆಹೂದ್ಯದ್ವೇಷಿಯೆಂದು ಕರೆಯುವುದು ಹೇಗೆ?

ಘೋರವಾದ ಪಾಪದ ಹೆಸರು ಘೋರವಾದ ಪಾಪಕ್ಕೇ ಮೀಸಲಾಗಿರಬೇಕು. ವಾದವನ್ನು ಗೆಲ್ಲಲೆಂದು ಅದನ್ನು ದಿನವೂ ಬಳಸಿದರೆ, ನಿಜವಾದ ದ್ವೇಷಿ ಎದುರಿಗೆ ಬಂದ ದಿನ ಕೂಗಲು ಮಾತು ಉಳಿಯುವುದಿಲ್ಲ. ಆಗ ನಷ್ಟವಾಗುವುದು ಯಾರ ರಕ್ಷಣೆಗಾಗಿ ಆ ಮಾತು ಹುಟ್ಟಿತೋ ಅವರಿಗೇ. ಅಂತೆಯೇ ಆ ಹೆಸರಿನ ಹೊಡೆತಕ್ಕೆ ಅಂಜಿ ಕೇಳಬೇಕಾದುದನ್ನು ಕೇಳದೆ ಉಳಿಯುವುದೂ ಧರ್ಮವಲ್ಲ. ಟೆಂಪಲ್ಲನ ಅಂಜಿಕೆಯ ಅಳತೆ ಎಷ್ಟೆಂಬುದನ್ನು ಬಳ್ಳಾರಿ ಸೀಮೆಯು ಒಂದು ಪೌಂಡು ಧಾನ್ಯದಲ್ಲಿ ಕಂಡಿದೆ. ಆರೋಪಿಸುವವನಿಗೂ ಆರೋಪಿತನಿಗೂ ಹಿರಿಯರು ವಿಧಿಸುವ ಕೆಲಸ ಒಂದೇ: ಬೂದಿಯನ್ನು ಕೈಗೆತ್ತಿಕೊಂಡು ನೋಡುವುದು. ಅದು ರಾಕ್ಷಸನದೇ ಆಗಿದ್ದರೆ ಹಾಗೆಂದು ನಿರ್ಭಯವಾಗಿ ಹೇಳಬೇಕು. ದನದ ದೊಡ್ಡಿಯದಾಗಿದ್ದರೆ ಅದನ್ನೂ ಅಷ್ಟೇ ನಿರ್ಭಯವಾಗಿ ಒಪ್ಪಬೇಕು.