ಖಾಲಿ ಬಿಟ್ಟ ದಿನಗಳು

ಅಪ್ಪಯ್ಯ ಮಳೆ ಅಳೆಯುತ್ತಿದ್ದದ್ದು ಬೆಳಿಗ್ಗೆ ಎಂಟೂವರೆಗೆ. ಹವಾಮಾನ ಇಲಾಖೆಯವರು ಅಳೆಯುವ ಹೊತ್ತೂ ಅದೇ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಅಂಗಳದ ಮೂಲೆಯಲ್ಲಿದ್ದ ಮಳೆಮಾಪಕದ ನೀರನ್ನು ಗಾಜಿನ ಅಳತೆಪಾತ್ರೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ನೋಡಿ, ಒಳಗೆ ಬಂದು ಪುಸ್ತಕದಲ್ಲಿ ಬರೆಯುತ್ತಿದ್ದರು. ತೀರ್ಥಹಳ್ಳಿ ತಾಲ್ಲೂಕಿನ ನಮ್ಮೂರಿಗೆ ಆಗುಂಬೆ ದೂರವಲ್ಲ. ಇಂಥ ಮಳೆಯ ಸೀಮೆಯಲ್ಲಿ ಅಡಿಕೆ ತೋಟ ಇಟ್ಟುಕೊಂಡವರಿಗೆ ಮಳೆಯ ಲೆಕ್ಕ ಬೇಕೇ ಬೇಕು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಯಾವಾಗ ಹೊಡೆಯುವುದು, ಎರಡನೇ ಸಲ ಯಾವಾಗ ಎಂಬುದೆಲ್ಲ ಅದರ ಮೇಲೇ ನಿಂತಿರುತ್ತದೆ. 1978ರ ಜನವರಿಯಿಂದ 2009ರ ಡಿಸೆಂಬರ್‌ವರೆಗೆ ಅಪ್ಪಯ್ಯ ಬರೆದರು. 32 ವರ್ಷ, ಅಂದರೆ 11,688 ದಿನ.

ಬ್ಯಾಂಕಿನಿಂದ ನಿವೃತ್ತಳಾಗಿ ಮನೆಗೆ ಬಂದ ಮೇಲೆ ನನ್ನ ತಲೆಗೆ ಒಂದು ಪ್ರಶ್ನೆ ಹೊಕ್ಕಿತು. ಊರಿನಲ್ಲಿ ಯಾರನ್ನು ಮಾತಾಡಿಸಿದರೂ "ಆರಿದ್ರೆ ಮಳೆ ಮೊದಲಿನ ಹಾಗಿಲ್ಲ" ಎನ್ನುತ್ತಾರೆ. ನಿಜವೇ? ಉತ್ತರ ಮನೆಯ ಕಪಾಟಿನಲ್ಲೇ ಇದೆ. ಆದರೆ ಮಳೆನಕ್ಷತ್ರಗಳು ತಿಂಗಳಿನ ಲೆಕ್ಕಕ್ಕೆ ಸಿಗುವಂಥವಲ್ಲ. ಆರಿದ್ರೆ ಜೂನ್ 21 ಅಥವಾ 22ಕ್ಕೆ ಹುಟ್ಟಿ, ಜುಲೈ ಮೊದಲ ವಾರ ಪುನರ್ವಸುವಿಗೆ ದಾರಿ ಬಿಡುತ್ತದೆ. 32 ವರ್ಷಗಳ ಎಲ್ಲ ನಕ್ಷತ್ರಗಳನ್ನೂ ಕೈಯಲ್ಲಿ ಕೂಡುವುದೆಂದರೆ ಒಂದು ಮಳೆಗಾಲ ಸಾಲದು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅಣ್ಣನ ಮಗಳು, "ಅತ್ತೆ, ಇದಕ್ಕೆ ಒಂದು ಶೆಲ್ ಸ್ಕ್ರಿಪ್ಟ್ ಸಾಕು. ಆದ್ರೆ ನಾನು ಬರೆದುಕೊಡಲ್ಲ, ನೀವೇ ಬರೀಬೇಕು" ಅಂದಳು. ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸವನ್ನು ನಾವಿಬ್ಬರೂ ಪಕ್ಕದ ಮನೆಯ ಹುಡುಗರೂ ಹಂಚಿಕೊಂಡೆವು. ತಿಂಗಳಿಗೊಂದು ಕಡತ, ಒಟ್ಟು 384.

ಶೆಲ್ ಅಂದರೆ ಚಿಪ್ಪು. ಕಂಪ್ಯೂಟರಿನ ಒಳತಿರುಳಿಗೂ ನಮಗೂ ನಡುವೆ ಇರುವ ಹೊದಿಕೆ. ಅದಕ್ಕೆ ಬರೆದುಕೊಡುವ ಆಜ್ಞೆಗಳ ಸಾಲೇ ಸ್ಕ್ರಿಪ್ಟ್. ಶೆಲ್ ಎಂಬ ಹೆಸರು ಕೊಟ್ಟವರು 1960ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ದುಡಿದ ಫ್ರೆಂಚ್ ಎಂಜಿನಿಯರ್ ಲೂಯಿ ಪೂಜಾನ್. ಅಡಿಕೆ ಸುಲಿದು ಬೆಳೆದ ನನಗೆ ಸಿಪ್ಪೆ, ತಿರುಳುಗಳ ಈ ಹೋಲಿಕೆ ಹೊಸದೆನಿಸಲಿಲ್ಲ. ಕಷ್ಟವಾದದ್ದು ಬೇರೆ. ಮೌಸ್ ಹಿಡಿದು ಕೆಲಸ ಮಾಡುವಾಗ ನಾವು ಮಾತು ಬಾರದ ಮಗುವಿನ ಹಾಗೆ ಬೆರಳು ತೋರಿಸಿ "ಇದು, ಅದು" ಎನ್ನುತ್ತೇವೆ. ಶೆಲ್ಲಿನ ಕಪ್ಪು ಕಿಟಕಿಯ ಎದುರು ಬೆರಳು ನಡೆಯುವುದಿಲ್ಲ, ಹೆಸರು ಹೇಳಬೇಕು. ನಾನು ಕಡತಕ್ಕೆ "ಜುಲೈ ಕೊನೆ ಸರಿಮಾಡಿದ್ದು" ಎಂದು ಹೆಸರಿಟ್ಟಿದ್ದೆ. ಶೆಲ್ ಪದಗಳ ನಡುವಿನ ಜಾಗವನ್ನು ಕಂಡು ಅದನ್ನು ಮೂರು ಬೇರೆ ಕಡತಗಳೆಂದು ತಿಳಿದು, ಮೂರೂ ಇಲ್ಲ ಅಂದಿತು. ಉದ್ಧರಣ ಚಿಹ್ನೆಯೊಳಗೆ ಇಟ್ಟರೆ ಒಂದೇ ಹೆಸರಾಗುತ್ತದೆ, ನಿಜ. ಆದರೂ ಎಲ್ಲವಕ್ಕೂ 1978-01, 1978-02 ಎಂದು ಹೆಸರು ಬದಲಿಸಲು ಹೊರಟೆ. ಹಾಗೆ ಇಟ್ಟರೆ ಹೆಸರಿನ ಅನುಕ್ರಮವೇ ಕಾಲದ ಅನುಕ್ರಮವಾಗುತ್ತದೆ. ಹೆಸರು ಬದಲಿಸುವ ಆಜ್ಞೆ ಎಂವಿ. ಹೊಸ ಹೆಸರಿನ ಇನ್ನೊಂದು ಕಡತ ಮೊದಲೇ ಇದ್ದರೆ, ಸಾಮಾನ್ಯವಾಗಿ ಅದು ಕೇಳದೆ ಅದರ ಮೇಲೆ ಬರೆದುಬಿಡುತ್ತದೆ. ಅಣ್ಣನ ಮಗಳು ಹೇಳಿಕೊಟ್ಟ ಉಪಾಯ ಇದು: ಆಜ್ಞೆಯ ಮುಂದೆ ಮೊದಲು ಎಕೋ ಎಂದು ಸೇರಿಸಿ ಓಡಿಸುವುದು. ಆಗ ಕೆಲಸ ನಡೆಯುವುದಿಲ್ಲ, ನಡೆಯಬೇಕಾದದ್ದು ಪರದೆಯ ಮೇಲೆ ಸಾಲುಸಾಲಾಗಿ ಮೂಡುತ್ತದೆ. ಅದನ್ನು ಕಣ್ಣಾರೆ ಓದಿ, ಆಮೇಲೆ ಎಕೋ ತೆಗೆಯುವುದು. ಎರಡು ಕಡತಗಳು ಒಂದೇ ಹೆಸರಿಗೆ ಹೋಗುತ್ತಿರುವುದನ್ನು ನಾನು ಹಿಡಿದದ್ದು ಹೀಗೆ. ಹೊಸದಾಗಿ ಕಲಿಯುವವರಿಗೆ ಒಂದೇ ಒಂದು ಮಾತು ಹೇಳು ಎಂದರೆ ನಾನು ಇದನ್ನೇ ಹೇಳುತ್ತೇನೆ.

ಆಮೇಲೆ ಪೈಪ್ ಬಂತು. ಒಂದು ಆಜ್ಞೆಯಿಂದ ಹೊರಬಿದ್ದದ್ದನ್ನು ಇನ್ನೊಂದರ ಬಾಯಿಗೆ ನೇರವಾಗಿ ಹರಿಸುವ ಒಂದು ನೆಟ್ಟನೆಯ ಗೆರೆ. ಬೆಲ್ ಲ್ಯಾಬ್ಸ್‌ನ ಡಗ್ ಮೆಕಿಲ್‌ರಾಯ್ 1964ರಲ್ಲೇ ಒಂದು ಟಿಪ್ಪಣಿಯಲ್ಲಿ ಈ ಆಸೆಯನ್ನು ಬರೆದಿಟ್ಟಿದ್ದರು. ಅವರು ಕೊಟ್ಟ ಹೋಲಿಕೆ ತೋಟಕ್ಕೆ ನೀರು ಬಿಡುವ ಪೈಪಿನದು: ಬೇಕಾದಾಗ ಇನ್ನೊಂದು ತುಂಡನ್ನು ತಿರುಪಿ ಸೇರಿಸಿಕೊಳ್ಳುವ ಹಾಗೆ ಪ್ರೋಗ್ರಾಮುಗಳನ್ನೂ ಸೇರಿಸಲು ಬರಬೇಕು ಎಂದು. 1973ರಲ್ಲಿ ಕೆನ್ ಥಾಂಪ್ಸನ್ ಅದನ್ನು ಅಲ್ಲಿನದೇ ಕಾರ್ಯಾಚರಣಾ ವ್ಯವಸ್ಥೆ ಯುನಿಕ್ಸ್‌ನಲ್ಲಿ ಮಾಡಿ ತೋರಿಸಿದರು. ಬೇಸಿಗೆಯಲ್ಲಿ ತೋಟಕ್ಕೆ ನೀರು ಹಾಯಿಸುವಾಗ ಜಾಯಿಂಟಿನಲ್ಲಿ ಸೋರುತ್ತಿದೆಯೇ ಎಂದು ನೋಡುತ್ತ ಹೋಗುವುದು ನಮ್ಮ ಮನೆಯ ಎಲ್ಲರಿಗೂ ಅಭ್ಯಾಸ. ಇಲ್ಲಿಯೂ ಅದನ್ನೇ ಮಾಡಿದೆ. ಒಂದೊಂದು ಜೋಡಣೆಯಲ್ಲೂ ನಿಲ್ಲಿಸಿ, ಏನು ಹರಿದು ಬರುತ್ತಿದೆ ಎಂದು ನೋಡಿ, ಮುಂದಿನದನ್ನು ಸೇರಿಸಿದೆ. ಕಡತಗಳನ್ನು ಸಾಲಾಗಿ ಓದು, ನಕ್ಷತ್ರದ ದಿನಗಳನ್ನು ಆರಿಸು, ಕೂಡು. 1986ರವರೆಗೆ ಅಪ್ಪಯ್ಯ ಪ್ಲಾಂಟರುಗಳ ರೂಢಿಯಂತೆ ಇಂಚು ಸೆಂಟಿನಲ್ಲಿ ಬರೆದಿದ್ದರು, ಆಮೇಲೆ ಮಿಲಿಮೀಟರಿನಲ್ಲಿ. ಹಾಗಾಗಿ ಹಳೆಯ ವರ್ಷಗಳನ್ನು 25.4ರಿಂದ ಗುಣಿಸು. 2 ಇಂಚು 35 ಸೆಂಟು ಎಂದರೆ 59.69 ಮಿಲಿಮೀಟರ್.

ಒಂದು ಸಂಜೆ ಪೂರ್ತಿ ಸ್ಕ್ರಿಪ್ಟ್ ಓಡಿತು. ಉತ್ತರ ಬರಲು ಒಂದು ಸೆಕೆಂಡೂ ಹಿಡಿಯಲಿಲ್ಲ. ಆರಿದ್ರೆಯ ಮಳೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಬಂದಿತ್ತು. ಕೊನೆಯ ಆರೇಳು ವರ್ಷಗಳಲ್ಲಂತೂ ಇಳಿಕೆ ಎದ್ದು ಕಾಣುತ್ತಿತ್ತು. ಊರವರ ಮಾತು ಸತ್ಯವಾಯಿತು ಎಂದು ಅಣ್ಣನಿಗೆ ಫೋನ್ ಮಾಡಿ ಹೇಳಿದೆ.

ಮರುದಿನ ಸುಮ್ಮನೆ ತಿಂಗಳವಾರು ಮೊತ್ತವನ್ನು ನೋಡುತ್ತಿದ್ದಾಗ 1994ರ ಜುಲೈ ಕಣ್ಣಿಗೆ ಬಿತ್ತು: 61 ಮಿಲಿಮೀಟರ್. ನಮ್ಮೂರಿನಲ್ಲಿ ಜುಲೈ ತಿಂಗಳ ಒಂದೇ ರಾತ್ರಿಯಲ್ಲಿ ಅಷ್ಟು ಸುರಿದುಬಿಡುತ್ತದೆ. ಆ ವರ್ಷ ನಾನು ರಜೆಗೆ ಬಂದಿದ್ದೆ, ಬಟ್ಟೆ ಒಣಗದೆ ಒಲೆಯ ಮೇಲೆ ಹಗ್ಗ ಕಟ್ಟಿದ್ದು ನೆನಪಿದೆ. ಕಡತ ತೆರೆದರೆ ಅಂಕಿಗಳು ತುಂಬಿಕೊಂಡಿವೆ. ನನ್ನ ಕಣ್ಣಿಗೆ ಏನೂ ತಪ್ಪಿಲ್ಲ. ಬಹಳ ಹೊತ್ತಿನ ಮೇಲೆ ಗೊತ್ತಾಯಿತು, ಆ ತಿಂಗಳನ್ನು ಫೋನಿನಲ್ಲಿ ಟೈಪ್ ಮಾಡಿದ್ದು ನಾನೇ, ಎರಡು ದಿನ ಬಿಟ್ಟು ಉಳಿದದ್ದೆಲ್ಲ ಕನ್ನಡ ಅಂಕಿಯಲ್ಲಿ. ೭೪ ಎಂಬುದು ನನಗೆ ಎಪ್ಪತ್ತನಾಲ್ಕು. ಕೂಡುವ ಕೆಲಸ ಮಾಡುತ್ತಿದ್ದ ಆಕ್‌ಗೆ ಅದು ಸಂಖ್ಯೆಯೇ ಅಲ್ಲ, ಬರೀ ಅಕ್ಷರ. 1977ರಲ್ಲಿ ಆಹೋ, ವೈನ್‌ಬರ್ಗರ್, ಕರ್ನಿಘನ್ ಎಂಬ ಮೂವರು ಬೆಲ್ ಲ್ಯಾಬ್ಸ್‌ನಲ್ಲಿ ಕಟ್ಟಿದ ಆ ಪುಟ್ಟ ಭಾಷೆಯಲ್ಲಿ, ಸಂಖ್ಯೆಯಾಗಿ ಓದಲಾಗದ್ದನ್ನು ಕೂಡಬೇಕಾಗಿ ಬಂದರೆ ಅದರ ಬೆಲೆ ಸೊನ್ನೆ. ದೂರಿಲ್ಲ, ಎಚ್ಚರಿಕೆಯಿಲ್ಲ. ಸರಿ ನಡೆದಾಗ ಸುಮ್ಮನಿರುವುದು ಯುನಿಕ್ಸ್ ಸಂಪ್ರದಾಯ. ತಪ್ಪು ನಡೆದಾಗಲೂ ಅದು ಅಷ್ಟೇ ಸುಮ್ಮನಿರಬಲ್ಲದು ಎಂದು ಆ ದಿನ ತಿಳಿಯಿತು.

ಕನ್ನಡ ಅಂಕಿಗಳನ್ನು ಬದಲಿಸಲು ಮೊದಲು ಟಿಆರ್ ಎಂಬ ಆಜ್ಞೆ ಬಳಸಿದೆ, ಕಡತವೆಲ್ಲ ಕಲಸುಮೇಲೋಗರವಾಯಿತು. ನನ್ನ ಕಂಪ್ಯೂಟರಿನ ಟಿಆರ್ ಒಂದೊಂದೇ ಬೈಟನ್ನು ನೋಡುತ್ತದೆ. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ೭ ಎಂಬ ಒಂದು ಅಂಕಿಗೆ ಮೂರು ಬೈಟು. ಅದೇ ಕೆಲಸಕ್ಕೆ ಸೆಡ್ ಬಳಸಿದಾಗ ಸರಿಹೋಯಿತು, ಅದು ಅಕ್ಷರವನ್ನು ಇಡಿಯಾಗಿ ಹಿಡಿಯಿತು. ಯುಟಿಎಫ್-8ನ್ನು 1992ರಲ್ಲಿ ರಾಬ್ ಪೈಕ್ ಜೊತೆ ರೂಪಿಸಿದವರು ಪೈಪ್ ಮಾಡಿಕೊಟ್ಟ ಅದೇ ಕೆನ್ ಥಾಂಪ್ಸನ್. ನಮ್ಮ ೭ನ್ನು ಬೈಟುಗಳಲ್ಲಿ ಬರೆಯುವ ಬಗೆಯೂ ಆ ಕೈಯಿಂದಲೇ ಬಂದದ್ದು ಎಂದು ಓದಿ ನನಗೆ ಏನೋ ಸಂತೋಷವಾಯಿತು.

ಸೊನ್ನೆ ಮಾತ್ರ ತಲೆಯಿಂದ ಹೋಗಲಿಲ್ಲ. ಓದಲಾಗದ್ದನ್ನು ಅದು ಸೊನ್ನೆ ಎನ್ನುವುದಾದರೆ, ಖಾಲಿ ಜಾಗವನ್ನು ಏನೆನ್ನುತ್ತದೆ? ಅದನ್ನೂ ಸೊನ್ನೆಯೆಂದೇ ಕೂಡುತ್ತಿತ್ತು. ಅಪ್ಪಯ್ಯನ ಪುಸ್ತಕ ತೆಗೆದೆ. ಮಳೆ ಇಲ್ಲದ ದಿನ ಅವರು ತಪ್ಪದೆ 0 ಬರೆದಿದ್ದಾರೆ. ಕೆಲವು ದಿನ ಏನೂ ಬರೆದಿಲ್ಲ. ಕೆಲವೆಡೆ ಮೂರು ನಾಲ್ಕು ದಿನಗಳನ್ನು ಒಂದು ಬಾಗಿದ ಗೆರೆಯಲ್ಲಿ ಹಿಡಿದು ಪಕ್ಕದಲ್ಲಿ ಒಂದೇ ಅಂಕಿ ಬರೆದಿದ್ದಾರೆ, ಅಷ್ಟೂ ದಿನ ಮಾಪಕದಲ್ಲಿ ಕೂಡಿದ ನೀರು. ಟೈಪ್ ಮಾಡುವಾಗ ನಾವು ಆ ಗೆರೆಯನ್ನು ಬಿಟ್ಟೆವು, ಗೆರೆ ಟೈಪ್ ಮಾಡುವುದು ಹೇಗೆ? ಬ್ಯಾಂಕಿನಲ್ಲಿ ಒಂದು ಅಂಕಣವನ್ನೂ ಖಾಲಿ ಬಿಡಕೂಡದೆಂದು ಕಲಿತವಳು ನಾನು. ಏನಿಲ್ಲದಿದ್ದರೆ "ನಿಲ್" ಬರೆಯಬೇಕು, ಇಲ್ಲವೇ ಗೆರೆ ಎಳೆಯಬೇಕು. ಲೆಕ್ಕದಲ್ಲಿ ಇಲ್ಲ ಎಂಬುದು ಬೇರೆ, ಗೊತ್ತಿಲ್ಲ ಎಂಬುದು ಬೇರೆ. ಅದು ಕೈಗೆ ಗೊತ್ತಿತ್ತು. ಸ್ಕ್ರಿಪ್ಟಿಗೆ ಹೇಳುವ ಹೊತ್ತಿಗೆ ಬಾಯಿಗೆ ಬರಲಿಲ್ಲ. ಕೈಯಲ್ಲಿ ಕೂಡುತ್ತಿದ್ದರೆ ಖಾಲಿ ಜಾಗದ ಮುಂದೆ ಪೆನ್ನು ತಾನಾಗಿ ನಿಲ್ಲುತ್ತಿತ್ತು. ಆ ನಿಲ್ಲುವಿಕೆಯೂ ಲೆಕ್ಕದ ಒಂದು ಭಾಗವೆಂದು, ಅದನ್ನೂ ಒಂದು ಸಾಲಾಗಿ ಬರೆದುಕೊಡಬೇಕೆಂದು ನನಗೆ ಹೊಳೆದಿರಲೇ ಇಲ್ಲ.

ಸ್ಕ್ರಿಪ್ಟಿಗೆ ಆ ಸಾಲು ಸೇರಿಸಿದೆ: ಖಾಲಿ ಕಂಡರೆ ಕೂಡಬೇಡ, ಆ ತಾರೀಖನ್ನು ಬೇರೆ ಕಡತದಲ್ಲಿ ಬರೆ. 143 ದಿನಗಳು ಬಂದವು. ಪಟ್ಟಿಯನ್ನು ವರ್ಷವಾರು ನೋಡಿದಾಗ ಮೈ ಜುಂ ಎಂದಿತು. ಮೊದಲ ಹತ್ತು ವರ್ಷಗಳಲ್ಲಿ ಒಟ್ಟು ಒಂಬತ್ತೇ ದಿನ. 2003ರ ಆಚೆಗೆ ಎಂಬತ್ತಕ್ಕೂ ಹೆಚ್ಚು. ಮಂಡಿನೋವು, ಶಿವಮೊಗ್ಗದ ಆಸ್ಪತ್ರೆ, ತಂಗಿಯ ಮನೆಯಲ್ಲಿ ಉಳಿದ ವಾರಗಳು. ನಾನು ಅಣ್ಣನಿಗೆ ಫೋನಿನಲ್ಲಿ ಹೇಳಿದ ಇಳಿಕೆಯ ಬಹುಪಾಲು ಆರಿದ್ರೆಯದಾಗಿರಲಿಲ್ಲ. ಅದು ಅಪ್ಪಯ್ಯನಿಗೆ ವಯಸ್ಸಾಗುತ್ತಾ ಬಂದದ್ದು.

ಈಗ ರಾಜ್ಯದ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳಿವೆ. 15 ನಿಮಿಷಕ್ಕೊಮ್ಮೆ ತಾವಾಗಿ ಬೆಂಗಳೂರಿನ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಅಂಕಿ ಕಳಿಸುತ್ತವೆ. ಅದು ಒಳ್ಳೆಯದು, ಅಪ್ಪಯ್ಯನಿದ್ದರೆ ಅದನ್ನು ನೋಡಲು ಹೋಗಿಯೇ ಹೋಗುತ್ತಿದ್ದರು. ಆದರೆ ಯಂತ್ರಕ್ಕೂ ಬ್ಯಾಟರಿ ಮುಗಿಯುತ್ತದೆ, ಎಲೆ ಬಿದ್ದು ಬಾಯಿ ಕಟ್ಟುತ್ತದೆ. ಆ ಹೊತ್ತಿನ ಖಾಲಿಯನ್ನು ಏನೆಂದು ಓದಬೇಕೆಂದು ಯಾರಾದರೊಬ್ಬರು ಕುಳಿತು ಬರೆದಿಡಲೇಬೇಕು.

ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಮಾಡಿಸಿ ಅಮ್ಮನ ಮುಂದೆ ಇಟ್ಟೆ. ಯಾವ ದಿನ ಯಾಕೆ ಖಾಲಿ ಎಂದು ತಿಳಿದರೆ ಸಾಕೆಂದುಕೊಂಡಿದ್ದೆ. ಅಮ್ಮ ಕನ್ನಡಕ ಏರಿಸಿ ಒಂದೊಂದೇ ಓದಿದಳು. ಇದು ಕೊಪ್ಪದ ಮದುವೆ. ಇದು ಅವರಿಗೆ ಜ್ವರ ಬಂದದ್ದು. 2006ರ ಜೂನಿಗೆ ಬಂದಾಗ, "ಇದು ಖಾಲಿ ಯಾಕೆ? ಅವರು ಆಸ್ಪತ್ರೆಯಲ್ಲಿದ್ದಾಗ ನಾನೇ ಅಳೀತಿದ್ನಲ್ಲ" ಅಂದಳು.

"ಎಲ್ಲಿ ಬರೆದಿದ್ದೆ ಅಮ್ಮ?"

"ಪುಸ್ತಕ ಅವರದ್ದು, ಅದನ್ನ ನಾನು ಮುಟ್ತಿರಲಿಲ್ಲ. ಕ್ಯಾಲೆಂಡರಲ್ಲಿ ಬರೀತಿದ್ದೆ."

ಅಟ್ಟದ ಮೇಲೆ ಹಳೆಯ ಕ್ಯಾಲೆಂಡರುಗಳ ಸುರುಳಿ ಇತ್ತು. ಎಲ್ಲ ವರ್ಷದವೂ ಇಲ್ಲ, ಕೆಲವನ್ನು ಗೆದ್ದಲು ತಿಂದಿದೆ. 2006ರದ್ದು ಸಿಕ್ಕಿತು. ಹಾಲಿನ ಲೆಕ್ಕದ ಪಕ್ಕ, ಚೌಕದ ಮೂಲೆಯಲ್ಲಿ, ಪೆನ್ಸಿಲಿನಲ್ಲಿ ೮೬, ೧೧೨, ೪೦. ಇಲ್ಲಿಯವರೆಗೆ ಹೀಗೆ 31 ದಿನಗಳು ಸಿಕ್ಕಿವೆ. ಆರಿದ್ರೆಯ ಪ್ರಶ್ನೆಗೆ ಉತ್ತರ ಇನ್ನೂ ಬಂದಿಲ್ಲ, ಉಳಿದ ಸುರುಳಿಗಳನ್ನು ಬಿಡಿಸಿ ನೋಡಬೇಕಿದೆ.

ಆ ಅಂಕಿಗಳನ್ನು ಸೇರಿಸುವಾಗ ಕಡತಗಳಿಗೆ ಇನ್ನೊಂದು ಅಂಕಣ ಹಾಕಿದೆ, ಅಳೆದವರು ಯಾರು ಎಂದು. ಚಿಕ್ಕದಾಗಿರಲಿ ಎಂದು ಮೊದಲ ಅಕ್ಷರವನ್ನಷ್ಟೇ ಬರೆದೆ. ಸ್ಕ್ರಿಪ್ಟ್ ಓಡಿಸಿದರೆ 32 ವರ್ಷವೂ ಒಬ್ಬರೇ ಅಳೆದಂತೆ ಬಂತು, ಎಲ್ಲ ಸಾಲಿನಲ್ಲೂ ಅ. ಅಳಿಸಿ, ಪ್ರತಿ ಸಾಲಿನಲ್ಲೂ ಪೂರ್ತಿ ಬರೆಯುವಂತೆ ಮಾಡಿದ್ದೇನೆ: ಅಪ್ಪಯ್ಯ, ಅಪ್ಪಯ್ಯ, ಅಮ್ಮ, ಅಮ್ಮ, ಅಮ್ಮ, ಅಪ್ಪಯ್ಯ.