ಅರುಣೋದಯದ ಚೆಲುವು ಯಾರ ಪಾಲು?

ದಿನದ ವೇಳೆಗಳಲ್ಲಿ ಮನಸ್ಸಿಗೆ ಅತ್ಯಂತ ಪ್ರಿಯವಾದುದು ಯಾವುದೆಂದು ಕೇಳಿದರೆ, ನಮ್ಮಲ್ಲಿ ಹಲವರು ಅರುಣೋದಯವೆಂದೇ ಹೇಳುವರು. ಸೂರ್ಯೋದಯಕ್ಕೆ ನಾಲ್ಕು ಘಳಿಗೆ, ಎಂದರೆ 96 ನಿಮಿಷ ಮೊದಲು ಆರಂಭವಾಗುವ ಈ ಕಾಲದಲ್ಲಿ ಮುಂಬಯಿಯಂತಹ ಮಹಾನಗರವೂ ತುಸು ಮೌನ ತಾಳುತ್ತದೆ. ಪೂರ್ವದ ಕತ್ತಲೆ ಮೆಲ್ಲನೆ ತಿಳಿಯಾಗಿ ಕೆಂಪಿಗೆ ತಿರುಗುತ್ತದೆ. ನಮ್ಮ ಹಿರಿಯರು ಇದನ್ನು ಬರಿಯ ಕಣ್ಣಿನ ಸುಖವೆಂದು ಬಿಡಲಿಲ್ಲ. ನಕ್ಷತ್ರಗಳು ಕಾಣುತ್ತಿರುವಾಗ ಮಾಡಿದ ಪ್ರಾತಃಸಂಧ್ಯೆ ಉತ್ತಮ, ಅವು ಮರೆಯಾದ ಮೇಲೆ ಮಾಡಿದ್ದು ಮಧ್ಯಮ, ಸೂರ್ಯ ಮೂಡಿದ ಮೇಲೆ ಮಾಡಿದ್ದು ಅಧಮ ಎಂದರು. ಅರುಣೋದಯದಲ್ಲಿ ದಶಮಿಯ ವೇಧವಿದ್ದರೆ ಆ ಏಕಾದಶಿ ಉಪವಾಸಕ್ಕೆ ಸಲ್ಲದೆಂದು ನಿರ್ಣಯಿಸಿದರು.

ಈ ಚೆಲುವಿನಲ್ಲಿ ಸಂತೋಷಪಡುವುದು ಸಾಧಕನಿಗೆ ತಕ್ಕುದೇ ಎಂದು ಕೆಲವರು ಶಂಕಿಸುವುದುಂಟು. ಜಗತ್ತು ಸತ್ಯವೆಂದು ಸಾರಿದ ಶ್ರೀಮದಾಚಾರ್ಯರ ಅನುಯಾಯಿಗಳಿಗೆ ಈ ಶಂಕೆ ಬೇಡ. ಮೂಡಣದ ಕೆಂಪು ಭ್ರಮೆಯಲ್ಲ. ಆದರೆ ಸ್ವತಂತ್ರವೂ ಅಲ್ಲ. ಅದು ಶ್ರೀಹರಿಯ ಅಧೀನ. ವೇದದ ಶಬ್ದಗಳೆಲ್ಲ ಮುಖ್ಯವಾಗಿ ವಿಷ್ಣುವನ್ನೇ ಹೇಳುತ್ತವೆಂಬುದು ಅವರ ಸಿದ್ಧಾಂತವಾದ್ದರಿಂದ, ಋಗ್ವೇದದಲ್ಲಿ ಬರುವ ಉಷಸ್ಸಿನ ಸ್ತುತಿಯೂ ಅವನನ್ನೇ ಮುಟ್ಟುತ್ತದೆ. ಒಡೆಯನನ್ನು ಮರೆಯದೆ ಅವನ ಸೃಷ್ಟಿಯ ಸೊಬಗನ್ನು ಸವಿಯುವುದು ಉಪಾಸನೆಗೆ ವಿರೋಧಿಯಲ್ಲ.

ಆದರೆ ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಕೆಲವು ವರ್ಷಗಳ ಹಿಂದಿನ ಧನುರ್ಮಾಸದಲ್ಲಿ, ಸಂಧ್ಯಾವಂದನೆ ಮುಗಿಸಿ ನಮ್ಮ ಮನೆಯ ಗ್ಯಾಲರಿಯಲ್ಲಿ ನಿಂತಿದ್ದೆ. ಅಂದಿನ ಆಕಾಶ ಎಷ್ಟು ಸೊಗಸಾಗಿತ್ತೆಂದರೆ, "ಇಲ್ಲಿ ಬಾ, ನೋಡು" ಎಂದು ಮನೆಯಾಕೆಯನ್ನು ಕರೆದೆ. ಒಳಗಿನಿಂದ ಉತ್ತರ ಬಂದಿತು: "ನೀವೇ ನೋಡಿರಿ. ನಾನು ಅಲ್ಲಿಗೆ ಬಂದರೆ ಹುಗ್ಗಿ ತಳ ಹಿಡಿಯುತ್ತದೆ, ಇತ್ತ ನಲ್ಲಿಯ ನೀರೂ ನಿಂತುಹೋಗುತ್ತದೆ."

ಆ ಮಾತಿನಲ್ಲಿ ಕೋಪವಿರಲಿಲ್ಲ. ಅದಕ್ಕಾಗಿಯೇ ಅದು ಮನಸ್ಸಿಗೆ ನಾಟಿತು.

ಪರಸ್ಥಳದಲ್ಲಿ ನೆಲೆಸಿದ ನಮ್ಮ ಮನೆಗಳ ಸ್ಥಿತಿಯನ್ನು ಯೋಚಿಸಿ ನೋಡಬೇಕು. ಜನವರಿಯ ನಡುವಿನಲ್ಲಿ ಚೆನ್ನೈಯಲ್ಲಿ ಸೂರ್ಯೋದಯ ಸುಮಾರು 6-35ಕ್ಕೆ. ಪಶ್ಚಿಮದಲ್ಲಿರುವ ಮುಂಬಯಿಯಲ್ಲಿ ಸುಮಾರು 7-15ಕ್ಕೆ. ಅಲ್ಲಿ ಐದು ಗಂಟೆಗೆ ಆಗುವ ಅರುಣೋದಯ ಇಲ್ಲಿ 5-40ಕ್ಕೆ ಆಗುತ್ತದೆ. ಲೋಕಲ್ ಗಾಡಿಯಾಗಲಿ ಶಾಲೆಯಾಗಲಿ ಸೂರ್ಯನನ್ನು ಕಾಯುವುದಿಲ್ಲ, ಗಡಿಯಾರದಂತೆ ನಡೆಯುತ್ತವೆ. ಹೀಗಾಗಿ ಆಕಾಶದ ಅತ್ಯಂತ ಸುಂದರವಾದ ಗಳಿಗೆಯೂ ಅಡಿಗೆಮನೆಯ ಅತ್ಯಂತ ಅವಸರದ ಗಳಿಗೆಯೂ ಒಂದೇ ಆಗಿವೆ. ಮಡಿಯಲ್ಲಿ ನೀರು ತರಬೇಕು, ಅಡಿಗೆಯಾಗಬೇಕು, ನೈವೇದ್ಯವಾಗಬೇಕು, ಆ ಬಳಿಕವೇ ಡಬ್ಬಿ ತುಂಬಬೇಕು. ನನ್ನ ಗ್ಯಾಲರಿಯ ಶಾಂತಿಯು ಆಕೆಯ ಅವಸರದ ಮೇಲೆ ನಿಂತಿತ್ತು.

ಆಕೆಯ ಪಾಕಸೇವೆಯೇ ಆಕೆಯ ಉಪಾಸನೆಯಲ್ಲವೇ ಎಂದು ಕೆಲವರು ಸಮಾಧಾನ ಹೇಳುವರು. ಅದು ನಿಜವೇ. ಆದರೆ ಆ ಮಾತನ್ನು ಆಕೆ ಹೇಳಿದರೆ ಭಕ್ತಿ. ಸಿದ್ಧವಾದ ಎಲೆಯ ಮುಂದೆ ಕುಳಿತುಕೊಳ್ಳುವ ನಾವು ಹೇಳಿದರೆ ಅದು ನಮ್ಮ ಅನುಕೂಲದ ಮಾತು.

ಶ್ರೀಮದ್ಭಾಗವತದ ದಶಮಸ್ಕಂಧದ 70ನೆಯ ಅಧ್ಯಾಯ ದ್ವಾರಕೆಯ ಬೆಳಗಿನಿಂದ ಆರಂಭವಾಗುತ್ತದೆ. ಮಂದಾರದ ಗಾಳಿ ಬೀಸುತ್ತಿದೆ, ದುಂಬಿಗಳು ಮೊರೆಯುತ್ತಿವೆ, ಹಕ್ಕಿಗಳು ವಂದಿಗಳಂತೆ ಕೃಷ್ಣನನ್ನು ಎಬ್ಬಿಸುತ್ತಿವೆ. ಆದರೂ ರಾಣಿಯರು ಕೂಗುವ ಕೋಳಿಗಳನ್ನು ಶಪಿಸುತ್ತಾರೆ. ಆ ಮಂಗಳಕರವಾದ ಮುಹೂರ್ತವನ್ನು ರುಕ್ಮಿಣಿಯು ಸಹಿಸಲಾರಳು, ಅದು ಸ್ವಾಮಿಯ ಅಗಲಿಕೆಯನ್ನು ತರುತ್ತದೆಂದು. ಕೃಷ್ಣನಾದರೋ ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು, ಆಚಮನ ಮಾಡಿ, ಧ್ಯಾನದಲ್ಲಿ ಕುಳಿತುಕೊಳ್ಳುತ್ತಾನೆ. ಜಗನ್ಮಾತೆಯ ವಿರಹಕ್ಕೂ ನಮ್ಮ ಮನೆಗಳ ದಣಿವಿಗೂ ಹೋಲಿಕೆಯಿಲ್ಲ. ಆದರೆ ಒಂದು ಮಾತು ಸ್ಪಷ್ಟ: ಮುಹೂರ್ತ ಶೋಭನವಾಗಿದ್ದರೂ ಎಲ್ಲರಿಗೂ ಅದು ಒಂದೇ ಬಗೆಯಾಗಿ ದಕ್ಕುವುದಿಲ್ಲ. ಹತ್ತಿರದಲ್ಲಿರುವವರಿಗೆ ಅದು ಹೇಗೆ ದಕ್ಕಿದೆಯೆಂದು ಕೇಳುವುದು ಧರ್ಮವೇ ಆಗಿದೆ.

ಅಂದಿನಿಂದ ಮಾಡಿದ್ದು ದೊಡ್ಡದೇನಲ್ಲ. ನೀರು ತುಂಬುವ ಕೆಲಸ ನನ್ನದಾಯಿತು. ತರಕಾರಿಯನ್ನು ಹಿಂದಿನ ರಾತ್ರಿಯೇ ಆರಿಸಿ ಇಡುವುದು, ಹಾಸಿಗೆ ಸುತ್ತುವುದು, ಮಕ್ಕಳನ್ನು ಎಬ್ಬಿಸುವುದು ಕೂಡ ನನ್ನ ಪಾಲಿಗೆ ಬಂದವು. ನಾನು ಮಡಿಯುಟ್ಟ ದಿನ ಒಲೆಯ ಮುಂದೆಯೂ ನಿಂತೆ; ಒಮ್ಮೆ ಹುಗ್ಗಿ ತಳ ಹಿಡಿದದ್ದೂ ಉಂಟು. ಇದರಿಂದ ಹತ್ತು ನಿಮಿಷ ಉಳಿಯಿತು.

ಒಂದು ದಿನ ಆಕೆ ತಾನಾಗಿಯೇ ಗ್ಯಾಲರಿಗೆ ಬಂದು ಮೂಡಣಕ್ಕೆ ಕೈಮುಗಿದಳು. ಸ್ವಲ್ಪ ಹೊತ್ತಿನ ಮೇಲೆ, "ಇನ್ನೂ ಒಂದು ನಕ್ಷತ್ರ ಕಾಣುತ್ತಿದೆ, ನೋಡಿದಿರಾ?" ಎಂದಳು. ನಾನು ನೋಡಿರಲಿಲ್ಲ.

ಭಗವಂತನು ಬೆಳಗನ್ನು ಯಾರೊಬ್ಬರ ಹೆಸರಿಗೂ ಬರೆದುಕೊಟ್ಟಿಲ್ಲ. ಅವನ ಈ ಪ್ರಸಾದವನ್ನು ಸ್ವೀಕರಿಸುವಾಗ, ಮನೆಯಲ್ಲಿ ಇನ್ನೂ ಯಾರಿಗೆ ಸಿಕ್ಕಿಲ್ಲವೆಂದು ಒಮ್ಮೆ ಹಿಂದಿರುಗಿ ನೋಡೋಣ.

॥ ಶ್ರೀಕೃಷ್ಣಾರ್ಪಣಮಸ್ತು ॥